ಅಳಿವೆಯ ಕೆಸರು ಮತ್ತು ಹಕ್ಕಿಗಳ ಬಾಳು



ಪಕ್ಷಿಸಂರಕ್ಷಣೆಯೆಂದೊಡನೆ ಮೈಸೂರಿನವರಾದ ನಮಗೆ ಮೊದಲು ನೆನಪಾಗುವುದು ರಂಗನತಿಟ್ಟು. 1940ರಲ್ಲಿ ಪಕ್ಷಿಶಾಸ್ತ್ರಜ್ಞರಾದ ಸಾಲಿಂ ಅಲಿಯವರ ಸಲಹೆಯಂತೆ ಆಗಿನ ಮೈಸೂರು ಸರ್ಕಾರವು ಕಾವೇರಿಯ ಆ ನಡುಗಡ್ಡೆಗಳನ್ನು ರಕ್ಷಿತಸ್ಥಳವೆಂದು ಸಾರಿತು. ಗೂಡುಗಳಿರುವ ಮರಗಳನ್ನು ಕಡಿಯದಂತೆಯೂ, ಮೊಟ್ಟೆಮರಿಗಳನ್ನು ಯಾರೂ ಮುಟ್ಟದಂತೆಯೂ ಕಾವಲಿಟ್ಟರೆ ಅಲ್ಲಿಯ ಕಾರ್ಯದ ಬಹುಭಾಗ ನೆರವೇರುವುದು. ಆದರೆ ಕಾವಲುಗಾರನೊಬ್ಬನಿಂದಲೇ ಕಾಯಲಾಗದ ಬೇರೊಂದು ಬಗೆಯ ಪಕ್ಷಿಸ್ಥಾನವುಂಟು. ನದಿಯು ಕಡಲನ್ನು ಕೂಡುವ ಅಳಿವೆಯೇ ಅದು. ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿಯನ್ನು ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ವಿವರಿಸಲು ಯತ್ನಿಸುತ್ತೇನೆ.

ಸಿರ್ಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಎತ್ತರದಿಂದ ಧುಮುಕಿ, ಘಟ್ಟವನ್ನಿಳಿದು ಬರುವ ಈ ನದಿಯು ಕುಮಟೆಗೂ ಗೋಕರ್ಣಕ್ಕೂ ನಡುವೆ, ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ದಿನಕ್ಕೆ ಎರಡಾವರ್ತಿ ಕಡಲಿನ ಭರತವು ಒಳನುಗ್ಗುತ್ತದೆ, ಎರಡಾವರ್ತಿ ಇಳಿಯುತ್ತದೆ. ಇಳಿತದ ವೇಳೆಯಲ್ಲಿ ಬಯಲಾಗುವ ಕೆಸರಿನ ಹರವನ್ನು ನೋಡಿ ದಾರಿಹೋಕನು ಪಾಳುನೆಲವೆಂದು ಮೂಗು ಮುಚ್ಚಿಕೊಂಡಾನು. ಹಕ್ಕಿಗಳ ಪಾಲಿಗಾದರೋ ಅದೇ ಅನ್ನದ ಪಾತ್ರೆ.

ಆ ಕೆಸರಿನಲ್ಲಿ ಹುಳುಗಳು, ಸಣ್ಣ ಏಡಿಗಳು, ಚಿಪ್ಪಿನ ಜೀವಿಗಳು ಒಂದೊಂದು ಆಳದಲ್ಲಿ ಒಂದೊಂದಾಗಿ ವಾಸಿಸುತ್ತವೆ. ಬಾಗಿದ ನೀಳವಾದ ಕೊಕ್ಕುಳ್ಳ ಕರ್ಲ್ಯೂ ಎಂಬ ಹಕ್ಕಿಯು ಆಳದಲ್ಲಡಗಿದ ಹುಳುವನ್ನು ಎಳೆದು ತಿನ್ನುವುದು. ಗೊರವಗಳು ಅಷ್ಟು ಆಳಕ್ಕೆ ಹೋಗದೆ ಮೇಲುಪದರವನ್ನು ಕೆದಕುವುವು. ಮೋಟುಕೊಕ್ಕಿನ ಪ್ಲವರ್ ಹಕ್ಕಿಯು ಕಣ್ಣಿಗೆ ಕಂಡುದನ್ನು ಓಡಿಹೋಗಿ ಹೆಕ್ಕುವುದು. ಹೀಗೆ ಒಂದೇ ಕೆಸರಿನಲ್ಲಿ ಹಲವು ಜಾತಿಗಳು ಹೆಚ್ಚಿನ ಜಗಳವಿಲ್ಲದೆ ಉಣ್ಣುತ್ತವೆ. ಇವುಗಳಲ್ಲಿ ಅನೇಕವು ಮಧ್ಯ ಏಷ್ಯಾ, ಸೈಬೀರಿಯಾಗಳಿಂದ ಚಳಿಗಾಲಕ್ಕೆ ಬರುವ ಅತಿಥಿಗಳು. ಮರುಪಯಣಕ್ಕೆ ಬೇಕಾದ ಕೊಬ್ಬನ್ನು ಇವು ಇಲ್ಲಿಯೇ ಮೈಯಲ್ಲಿ ಕೂಡಿಟ್ಟುಕೊಳ್ಳಬೇಕು. ಇಳಿತದ ಕೆಲವೇ ಗಂಟೆಗಳು ಅವುಗಳ ಊಟದ ಹೊತ್ತು. ಆಗ ನಾಯಿಗಳೋ ದೋಣಿಯಂತ್ರಗಳೋ ಮತ್ತೆ ಮತ್ತೆ ಬೆದರಿಸಿದರೆ, ಒಂದು ಹಕ್ಕಿಯನ್ನೂ ಕೊಲ್ಲದೆ ನಾವು ಅವುಗಳ ಪ್ರಯಾಣವನ್ನು ಕೆಡಿಸಿದಂತಾಯಿತು.

ಈ ಕೆಸರಿನ ಸತ್ತ್ವವು ಸಿಹಿನೀರು ಉಪ್ಪುನೀರುಗಳ ಹದವಾದ ಬೆರಕೆಯನ್ನು ಅವಲಂಬಿಸಿದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಆದುದರಿಂದ ಮಳೆಗಾಲದಲ್ಲಿ ಸಿಹಿನೀರು, ಬೇಸಗೆಯಲ್ಲಿ ಉಪ್ಪುನೀರು ಮೇಲುಗೈಯಾಗುವ ಪ್ರಾಚೀನಕ್ರಮವು ಅಲ್ಲಿ ಉಳಿದುಬಂದಿದೆ. ನೆರೆಯ ಶರಾವತಿಯ ಸ್ಥಿತಿಯನ್ನು ಇದರೊಡನೆ ಹೋಲಿಸಿ ನೋಡಬಹುದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ವಿದ್ಯುದಾಗಾರಗಳಿಂದ ಹೊರಬೀಳುವ ಸಿಹಿನೀರು ವರ್ಷವಿಡೀ ಹೊನ್ನಾವರದ ಅಳಿವೆಗೆ ಹರಿಯತೊಡಗಿತು. ಅಲ್ಲಿಯ ನೀರಿನ ಉಪ್ಪು ತಗ್ಗಿ, ಬಳಚು ಮುಂತಾದ ಚಿಪ್ಪುಜೀವಿಗಳು ವಿರಳವಾದುವು. ವಿದ್ಯುತ್ತಿನ ಪ್ರಯೋಜನವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಘಟ್ಟದ ಮೇಲೆ ಮಾಡಿದ ಮಾರ್ಪಾಡಿನ ಬೆಲೆಯನ್ನು ಕಡಲತಡಿಯಲ್ಲಿ ತೆರಬೇಕಾಯಿತೆಂಬುದನ್ನು ನಾವು ಮರೆಯಬಾರದು.

ಹಕ್ಕಿಗಳೊಡನೆ ಮನುಷ್ಯರೂ ಈ ಕೆಸರನ್ನೇ ನಂಬಿದ್ದಾರೆ. ಅಘನಾಶಿನಿಯ ಅಳಿವೆಯು 6,000ದಿಂದ 7,500 ಸಂಸಾರಗಳಿಗೆ ಜೀವನೋಪಾಯವನ್ನು ಒದಗಿಸುವುದೆಂದು ಸರ್ಕಾರದ ಪ್ರಕಟನೆಯಲ್ಲಿದೆ. ಮಳೆಗಾಲದಲ್ಲಿ ಗಜನಿ ಭೂಮಿಯಲ್ಲಿ ಉಪ್ಪನ್ನು ತಾಳುವ ಕಗ್ಗವೆಂಬ ಭತ್ತವನ್ನು ಬೆಳೆಯುವರು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ ನೀರನ್ನು ಬಿಟ್ಟು ಮೀನು ಸೀಗಡಿಗಳನ್ನು ಹಿಡಿಯುವರು. ಇಳಿತದಲ್ಲಿ ಹೆಂಗಸರು ಬಳಚನ್ನು ಆಯುವರು. ದಡದ ಕಾಂಡ್ಲಾ ಗಿಡಗಳು ಅಲೆಯ ಪೆಟ್ಟನ್ನು ತಡೆದು, ಬೇರುಗಳ ನಡುವೆ ಮೀನಿನ ಮರಿಗಳಿಗೆ ಆಶ್ರಯವೀಯುವುವು. ಇವರನ್ನು ಹೊರಗಟ್ಟಿ ಬೇಲಿ ಹಾಕುವುದು ನ್ಯಾಯವೂ ಅಲ್ಲ, ಫಲಕಾರಿಯೂ ಅಲ್ಲ. ಮಿತಿಮೀರಿ ಚಿಪ್ಪು ತೆಗೆಯುವುದನ್ನೂ ಯಂತ್ರಗಳಿಂದ ಮರಳು ತೋಡುವುದನ್ನೂ ತಡೆಯುವುದಕ್ಕೆ ಇವರ ಸಹಕಾರವೇ ಮುಖ್ಯವಾದುದು.

ತೇವಭೂಮಿಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್‌ಸಾರ್ ನಗರದಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಯಿತು. 2022ರಲ್ಲಿ ಅದರ ಪಟ್ಟಿಗೆ ರಂಗನತಿಟ್ಟು ಸೇರಿತು. 2024ರಲ್ಲಿ 4,801 ಹೆಕ್ಟೇರು ವಿಸ್ತಾರದ ಅಘನಾಶಿನಿ ಅಳಿವೆಯೂ ಸೇರಿತು. ಹೊಳೆಯ ರೀವವೆಂಬ, ಈಗ ಅಪಾಯದ ಅಂಚಿಗೆ ಬಂದಿರುವ ಹಕ್ಕಿಯ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಇಲ್ಲಿ ಕಾಣಬರುವುದೆಂಬುದು ಈ ಮನ್ನಣೆಗೆ ಒಂದು ಆಧಾರ. ಬರಿಯ ಮರಳದಿಣ್ಣೆಯ ಮೇಲೆ ಮೊಟ್ಟೆಯಿಡುವ ಈ ಹಕ್ಕಿಗೆ ನೀರಿನ ಅಕಾಲಿಕ ಏರಿಳಿತವೂ ಮರಳುಗಾರಿಕೆಯೂ ಸಮಾನ ಶತ್ರುಗಳು.

ಮನ್ನಣೆಯು ದೊರೆತುದು ಸಂತೋಷದ ಸಂಗತಿ. ಆದರೆ ಪಟ್ಟಿಯಲ್ಲಿ ಹೆಸರು ಬರೆದಮಾತ್ರಕ್ಕೆ ಕೆಸರು ಉಳಿಯಲಾರದು. ತದಡಿಯಲ್ಲಿ ಉಷ್ಣವಿದ್ಯುತ್ ಸ್ಥಾವರವನ್ನು ಕಟ್ಟುವ ಯೋಜನೆಯೊಂದು ಹಿಂದೆ ಹುಟ್ಟಿ, ಜನರ ವಿರೋಧದಿಂದ ನಿಂತುಹೋಯಿತು. ಮುಂದೆಯೂ ಇಂಥ ಪ್ರಸ್ತಾಪಗಳು ಬಾರದಿರವು. ನದಿಯ ನೀರು ಕಡಲಿಗೆ ಸೇರಿ ವ್ಯರ್ಥವಾಗುತ್ತಿದೆಯೆಂಬ ಮಾತು ನಮ್ಮ ನಗರಗಳಲ್ಲಿ ಆಗಾಗ ಕೇಳಿಬರುತ್ತದೆ. ಆ ನೀರಿನಿಂದ ಬಳಚು ಬೆಳೆಯುವುದನ್ನೂ, ಕಗ್ಗ ತೆನೆಗಟ್ಟುವುದನ್ನೂ, ಸೈಬೀರಿಯಾದಿಂದ ಬಂದ ಹಕ್ಕಿ ಹೊಟ್ಟೆ ತುಂಬಿಸಿಕೊಳ್ಳುವುದನ್ನೂ ಒಮ್ಮೆ ಹೋಗಿ ಕಣ್ಣಾರೆ ಕಂಡು ಬಂದವರು ಆ ಮಾತನ್ನು ಮತ್ತೆ ಆಡಲಾರರೆಂದು ನನ್ನ ನಂಬಿಕೆ.