ಪೈಪ್ ಜೋಡಿಸೋದು ಸುಲಭ, ಸೋರಿಕೆ ಹಿಡಿಯೋದು ಕಷ್ಟ

ಇವತ್ತಿನ ಸಂಚಿಕೆ ಟರ್ಮಿನಲ್‌ನಲ್ಲಿ ಕೆಲಸ ಮಾಡೋರಿಗೆ. ಸರ್ವರ್ ನೋಡಿಕೊಳ್ಳೋರು, ಡೇಟಾ ಜೊತೆ ಒದ್ದಾಡೋರು, ಈಗಷ್ಟೇ ಲಿನಕ್ಸ್ ಕಲೀತಿರೋ ವಿದ್ಯಾರ್ಥಿಗಳು, ಎಲ್ಲರಿಗೂ ಅಂದುಕೊಳ್ಳಿ. ವಿಷಯ ಶೆಲ್ ಪೈಪ್‌ಲೈನ್. ಅದನ್ನು ಬರೆಯೋಕೆ ಒಂದು ಸಂಜೆಯಲ್ಲಿ ಕಲಿಯಬಹುದು. ಆದರೆ ನಂಬಬಹುದಾದ ಹಾಗೆ ಬರೆಯೋದು ಅಭ್ಯಾಸದ ಮಾತು. ನಾನು ಹೇಳೋಕೆ ಹೊರಟಿರೋದು ಆ ಅಭ್ಯಾಸಗಳ ಬಗ್ಗೆ.

ಮೊದಲು ಸ್ವಲ್ಪ ಹಿನ್ನೆಲೆ. ಒಂದು ಕಮಾಂಡಿನ ಔಟ್‌ಪುಟ್ಟನ್ನು ನೇರವಾಗಿ ಮುಂದಿನ ಕಮಾಂಡಿಗೆ ಇನ್‌ಪುಟ್ ಆಗಿ ಹರಿಸೋದೇ ಪೈಪ್. ನಡುವೆ ಹಾಕೋದು ಒಂದು ನೆಟ್ಟಗಿನ ಗೀಟು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಡಗ್ ಮೆಕ್ಇಲ್ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದಿದ್ದರು. ತೋಟಕ್ಕೆ ನೀರು ಬಿಡುವಾಗ ಒಂದು ಪೈಪಿಗೆ ಇನ್ನೊಂದನ್ನು ಜೋಡಿಸ್ತೀವಲ್ಲ, ಪ್ರೋಗ್ರಾಂಗಳನ್ನೂ ಹಾಗೇ ಜೋಡಿಸುವಂತಿರಬೇಕು ಅನ್ನೋದು ಅದರ ಸಾರ. ಅದು ಯುನಿಕ್ಸ್‌ನಲ್ಲಿ ನಿಜವಾಗಿದ್ದು 1973ರಲ್ಲಿ, ಕೆನ್ ಥಾಂಪ್ಸನ್ ಕೈಯಲ್ಲಿ.

ಇದರ ಶಕ್ತಿ ತೋರಿಸೋ ಪ್ರಸಿದ್ಧ ಪ್ರಸಂಗ 1986ರದ್ದು. ಒಂದು ಫೈಲಿನಲ್ಲಿ ಅತಿ ಹೆಚ್ಚು ಬಾರಿ ಬರುವ ಪದಗಳನ್ನು ಪಟ್ಟಿ ಮಾಡಬೇಕು ಅನ್ನೋ ಲೆಕ್ಕವನ್ನು ಜಾನ್ ಬೆಂಟ್ಲಿ ತಮ್ಮ ಅಂಕಣಕ್ಕಾಗಿ ಡೊನಾಲ್ಡ್ ಕನೂತ್ ಅವರಿಗೆ ಕೊಟ್ಟರು. ಕನೂತ್ ಹಲವು ಪುಟಗಳ ಸೊಗಸಾದ ಪ್ರೋಗ್ರಾಂ ಬರೆದರು. ಅದನ್ನು ವಿಮರ್ಶೆ ಮಾಡಿದ ಮೆಕ್ಇಲ್ರಾಯ್ ಅದೇ ಕೆಲಸವನ್ನು ಆರು ಕಮಾಂಡುಗಳ ಪೈಪ್‌ಲೈನಿನಲ್ಲಿ ಮಾಡಿ ತೋರಿಸಿದರು. ಅಕ್ಷರವಲ್ಲದ್ದನ್ನೆಲ್ಲ ಹೊಸ ಸಾಲಾಗಿಸು, ದೊಡ್ಡಕ್ಷರವನ್ನು ಸಣ್ಣದು ಮಾಡು, ಸಾರ್ಟ್ ಮಾಡು, ಒಂದೇ ಥರದ್ದನ್ನು ಎಣಿಸು, ಎಣಿಕೆಯ ಪ್ರಕಾರ ಮತ್ತೆ ಸಾರ್ಟ್ ಮಾಡು, ಮೇಲಿನ ಕೆಲವನ್ನು ಮಾತ್ರ ತೋರಿಸು. ಕನೂತ್ ಅವರಿಗೆ ಕೇಳಿದ್ದೇ ತಮ್ಮ ಬರವಣಿಗೆಯ ಶೈಲಿ ತೋರಿಸಿ ಅಂತ, ಹಾಗಾಗಿ ಹೋಲಿಕೆ ಪೂರ್ತಿ ನ್ಯಾಯವಲ್ಲ. ಆದರೂ ಪೈಪ್‌ಲೈನ್ ಎಷ್ಟು ಕಡಿಮೆ ಮಾತಲ್ಲಿ ಎಷ್ಟು ಕೆಲಸ ಮಾಡುತ್ತೆ ಅನ್ನೋದು ಗೊತ್ತಾಗುತ್ತೆ.

ಈಗ ಅದೇ ಪೈಪ್‌ಲೈನಿಗೆ ಒಂದು ಕನ್ನಡ ಫೈಲ್ ಕೊಡಿ. ಏನು ಬರುತ್ತೆ? ಕನ್ನಡದ ಒಂದು ಪದವೂ ಬರಲ್ಲ! ಯಾಕಂದ್ರೆ ಮೊದಲ ಹೆಜ್ಜೆಯಲ್ಲಿ 'ಅಕ್ಷರ' ಅಂದ್ರೆ ಇಂಗ್ಲಿಷಿನ ಎ ಇಂದ ಝಡ್ ತನಕ ಮಾತ್ರ. ನಮ್ಮ ಅಕ್ಷರಗಳೆಲ್ಲ ಕಸ ಅಂತ ಲೆಕ್ಕ. ಗಮನಿಸಿ, ಎರರ್ ಬರಲ್ಲ, ಎಲ್ಲ ಕಮಾಂಡುಗಳೂ 'ಯಶಸ್ವಿ' ಅಂತಲೇ ಹೇಳುತ್ತವೆ. ಅದಕ್ಕೇ ಕನ್ನಡಕ್ಕೆ ಅಕ್ಷರ ನೋಡಿ ಕತ್ತರಿಸೋ ಬದಲು ಖಾಲಿ ಜಾಗ ನೋಡಿ ಕತ್ತರಿಸೋದು ಸರಿ. ಆಗ 'ಮನೆ' ಮತ್ತು ಅಲ್ಪವಿರಾಮ ಅಂಟಿಕೊಂಡ 'ಮನೆ,' ಬೇರೆ ಬೇರೆ ಪದಗಳಾಗಿ ಎಣಿಕೆಯಾಗ್ತವೆ, ಹಾಗಾಗಿ ವಿರಾಮ ಚಿಹ್ನೆಗಳನ್ನು ಮೊದಲೇ ತೆಗೆಯಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗೋ ಟಿಆರ್ ಕಮಾಂಡ್ ಬೈಟ್ ಲೆಕ್ಕದಲ್ಲಿ ಕೆಲಸ ಮಾಡುತ್ತೆ. ಕನ್ನಡ ಅಕ್ಷರ ಬದಲಿಸೋಕೆ ಅದನ್ನು ಬಳಸಬೇಡಿ, ಸೆಡ್ ಬಳಸಿ.

ಎಣಿಕೆಯಲ್ಲೂ ಇದೇ ಕಥೆ. 'ಕನ್ನಡ' ಅನ್ನೋ ಪದವನ್ನು, ಹೊಸ ಸಾಲಿನ ಗುರುತು ಸೇರಿಸದೆ, ಡಬ್ಲ್ಯುಸಿ ಕಮಾಂಡಿಗೆ ಕೊಡಿ. ಮೈನಸ್ ಸಿ ಅಂದ್ರೆ ಬೈಟ್ ಲೆಕ್ಕ, 15 ಅನ್ನುತ್ತೆ. ಮೈನಸ್ ಎಂ ಅಂದ್ರೆ ಯುನಿಕೋಡ್ ಚಿಹ್ನೆಗಳ ಲೆಕ್ಕ, 5 ಅನ್ನುತ್ತೆ. ನಮ್ಮ ಕಣ್ಣಿಗೆ ಕಾಣೋದು 3 ಅಕ್ಷರ. ಮೂರೂ ಸರಿಯೇ. ನಿಮಗೆ ಬೇಕಾಗಿರೋದು ಯಾವುದು ಅಂತ ನಿಮಗೆ ಗೊತ್ತಿರಬೇಕು, ಅಷ್ಟೇ.

ಸರಿ, ಅಭ್ಯಾಸಗಳಿಗೆ ಬರೋಣ.

ಮೊದಲನೆಯದು: ಒಂದೊಂದೇ ಹೆಜ್ಜೆ ಕಟ್ಟಿ. ಆರು ಕಮಾಂಡನ್ನು ಒಂದೇ ಉಸಿರಿಗೆ ಬರೆದು ಎಂಟರ್ ಒತ್ತಬೇಡಿ. ಮೊದಲ ಕಮಾಂಡ್ ಬರೆದು, ಕೊನೆಗೆ ಹೆಡ್ ಹಾಕಿ ಹತ್ತು ಸಾಲು ನೋಡಿ. ಸರಿ ಇದ್ರೆ ಮುಂದಿನದ್ದು. ಸಾರಿಗೆ ಉಪ್ಪು ಹಾಕಿ ರುಚಿ ನೋಡ್ತೀವಲ್ಲ, ಹಾಗೆ.

ಎರಡನೆಯದು: ಸ್ಕ್ರಿಪ್ಟಿನಲ್ಲಿ ಬರೆಯುವಾಗ ಒಂದು ಸಾಲಿಗೆ ಒಂದು ಹೆಜ್ಜೆ. ಪೈಪ್ ಗುರುತು ಹಾಕಿದ ಮೇಲೆ ಸಾಲು ಮುರಿದರೆ ಶೆಲ್ ತಾನಾಗಿಯೇ ಮುಂದಿನ ಸಾಲಿಗೆ ಕಾಯುತ್ತೆ, ಬ್ಯಾಕ್‌ಸ್ಲ್ಯಾಶ್ ಬೇಕಿಲ್ಲ. ಆರು ತಿಂಗಳು ಬಿಟ್ಟು ಓದೋರು, ಬಹುಶಃ ನೀವೇ, ಮೇಲಿಂದ ಕೆಳಗೆ ಓದಿ ಅರ್ಥ ಮಾಡಿಕೊಳ್ಳಬಹುದು.

ಇಲ್ಲೇ ಒಂದು ಹಳೇ ಜಗಳ ಇದೆ. ಗ್ರೆಪ್ ತಾನೇ ಫೈಲ್ ಓದಬಲ್ಲದು, ಅದರ ಮುಂದೆ ಕ್ಯಾಟ್ ಯಾಕೆ ಅಂತ. ತಾಂತ್ರಿಕವಾಗಿ ನಿಜ, ಒಂದು ಪ್ರೋಗ್ರಾಂ ಹೆಚ್ಚಿಗೆ ಓಡುತ್ತೆ. ಆದರೆ ನನ್ನ ಅಭಿಪ್ರಾಯ ಕೇಳಿದ್ರೆ, ಟರ್ಮಿನಲ್‌ನಲ್ಲಿ ಪ್ರಯೋಗ ಮಾಡುವಾಗ ಕ್ಯಾಟ್ ಇದ್ದರೆ ಏನೂ ನಷ್ಟವಿಲ್ಲ. ದೊಡ್ಡ ಫೈಲಿನ ಮೇಲೆ ದಿನಾ ಓಡೋ ಸ್ಕ್ರಿಪ್ಟಿನಲ್ಲಿ ತೆಗೆದುಬಿಡಿ. ಇದಕ್ಕಾಗಿ ಹೊಸಬರನ್ನು ಹಂಗಿಸೋದು ಬೇಡ.

ಮೂರನೆಯದು: ಯುನಿಕ್ ಮುಂದೆ ಸಾರ್ಟ್ ಇದೆಯಾ ನೋಡಿ. ಯುನಿಕ್ ಪಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುತ್ತೆ. ಸಾರ್ಟ್ ಮಾಡದೇ ಕೊಟ್ಟರೆ ಒಂದೇ ಹೆಸರು ನಾಲ್ಕು ಕಡೆ ನಾಲ್ಕು ಲೆಕ್ಕದಲ್ಲಿ ಬರಬಹುದು.

ನಾಲ್ಕನೆಯದು: ಓದುತ್ತಿರೋ ಫೈಲಿಗೇ ಬರೆಯಬೇಡಿ. ಪಟ್ಟಿಯನ್ನು ಸಾರ್ಟ್ ಮಾಡಿ ಅದೇ ಪಟ್ಟಿಗೆ ಔಟ್‌ಪುಟ್ ತಿರುಗಿಸಿದರೆ, ಸಾರ್ಟ್ ಶುರುವಾಗೋ ಮೊದಲೇ ಶೆಲ್ ಆ ಫೈಲನ್ನು ಖಾಲಿ ಮಾಡಿರುತ್ತೆ. ಸಾರ್ಟ್‌ಗೆ ಮೈನಸ್ ಓ ಆಯ್ಕೆ ಇದೆ, ಅದು ಸುರಕ್ಷಿತ. ಬೇರೆ ಕಮಾಂಡುಗಳಿಗೆ ತಾತ್ಕಾಲಿಕ ಫೈಲಿಗೆ ಬರೆದು, ಆಮೇಲೆ ಹೆಸರು ಬದಲಿಸಿ.

ಐದನೆಯದು: ಫೈಲ್ ಹೆಸರಲ್ಲಿ ಖಾಲಿ ಜಾಗ ಇದ್ದೇ ಇರುತ್ತೆ ಅಂದುಕೊಂಡೇ ಬರೆಯಿರಿ. 'ಮದುವೆ ಫೋಟೋ' ಅನ್ನೋ ಫೈಲನ್ನು ಫೈಂಡ್‌ನಿಂದ ಎಕ್ಸ್‌ಆರ್ಗ್ಸ್‌ಗೆ ಹರಿಸಿದರೆ, ಅದು 'ಮದುವೆ' ಒಂದು, 'ಫೋಟೋ' ಇನ್ನೊಂದು ಅಂತ ಎರಡು ಮಾಡುತ್ತೆ. ಮುಂದಿನ ಕಮಾಂಡ್ ಅಳಿಸೋ ಆರ್‌ಎಂ ಆಗಿದ್ದು, 'ಮದುವೆ' ಹೆಸರಿನ ಬೇರೆ ಫೈಲ್ ಅಲ್ಲೇ ಇದ್ದರೆ? ಹೋಯ್ತು. ಫೈಂಡ್‌ಗೆ ಪ್ರಿಂಟ್‌ಝೀರೋ, ಎಕ್ಸ್‌ಆರ್ಗ್ಸ್‌ಗೆ ಮೈನಸ್ ಸೊನ್ನೆ, ಇವೆರಡನ್ನೂ ಜೋಡಿಯಾಗಿಯೇ ಬಳಸಿ. ಅಳಿಸೋ ಮುಂಚೆ ಆರ್‌ಎಂ ಜಾಗದಲ್ಲಿ ಎಕೋ ಇಟ್ಟು, ಮೈನಸ್ ಎನ್ ಒಂದು ಕೊಟ್ಟು ಓಡಿಸಿ. ಸಾಲಿಗೊಂದರಂತೆ ಹೆಸರು ಕಾಣುತ್ತೆ.

ಆರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಒಂದು ಸಹಕಾರ ಸಂಘದ ಲೆಕ್ಕಪತ್ರದ ಡೇಟಾಬೇಸ್. ರಾತ್ರಿ ಎರಡಕ್ಕೆ ಬ್ಯಾಕಪ್ ಆಗುತ್ತೆ. ಡೇಟಾಬೇಸ್ ಡಂಪ್ ಮಾಡೋ ಕಮಾಂಡ್, ಪೈಪ್, ಜಿಝಿಪ್, ಫೈಲಿಗೆ ಬರಹ. ಒಂದು ದಿನ ಯಾರೋ ಪಾಸ್‌ವರ್ಡ್ ಬದಲಿಸ್ತಾರೆ. ಡಂಪ್ ಸೋಲುತ್ತೆ, ಏನನ್ನೂ ಕಳಿಸಲ್ಲ. ಜಿಝಿಪ್ ಆ 'ಏನೂ ಇಲ್ಲ'ವನ್ನೇ ಶ್ರದ್ಧೆಯಿಂದ ಕುಗ್ಗಿಸಿ 20 ಬೈಟ್‌ನ ಫೈಲ್ ಮಾಡಿಡುತ್ತೆ. ಪೈಪ್‌ಲೈನಿನ ಫಲಿತಾಂಶ ಅಂದ್ರೆ ಕೊನೆಯ ಕಮಾಂಡಿನ ಫಲಿತಾಂಶ. ಅದು ಯಶಸ್ವಿ, ಹಾಗಾಗಿ ಸ್ಕ್ರಿಪ್ಟ್ 'ಬ್ಯಾಕಪ್ ಆಯ್ತು' ಅನ್ನುತ್ತೆ. ದಿನಾ ಹೊಸ ತಾರೀಖಿನ ಫೈಲ್ ಬರ್ತಾನೇ ಇರುತ್ತೆ. ಡಿಸ್ಕ್ ಕೆಟ್ಟ ದಿನವೇ ಗೊತ್ತಾಗೋದು, ಒಳಗೆ ಏನೂ ಇಲ್ಲ ಅಂತ. ಸದಸ್ಯರ ಠೇವಣಿ, ಸಾಲದ ಲೆಕ್ಕ ಎಲ್ಲಿಂದ ತರೋದು?

ಇದಕ್ಕೆ ಬ್ಯಾಶ್‌ನಲ್ಲಿ ಒಂದು ಸಾಲಿನ ಪರಿಹಾರ ಇದೆ: ಸೆಟ್ ಮೈನಸ್ ಓ ಪೈಪ್‌ಫೇಲ್. ಆಗ ನಡುವಿನ ಯಾವ ಕಮಾಂಡ್ ಸೋತರೂ ಇಡೀ ಪೈಪ್‌ಲೈನ್ ಸೋತಿತು ಅಂತಲೇ ಲೆಕ್ಕ. ಬ್ಯಾಶ್‌ನಲ್ಲಿ ಇದು ತಾನಾಗಿ ಆನ್ ಆಗಿರಲ್ಲ, ನೀವೇ ಬರೆಯಬೇಕು. 2024ರ ಪಾಸಿಕ್ಸ್ ಮಾನದಂಡಕ್ಕೂ ಇದು ಸೇರಿದೆ. ಹಾಗಂತ ಕಣ್ಣುಮುಚ್ಚಿ ಎಲ್ಲ ಕಡೆ ಹಾಕಿದರೂ ತಲೆನೋವು. ಗ್ರೆಪ್‌ಗೆ ಏನೂ ಸಿಗದಿದ್ದರೆ ಅದು 1 ಅಂತ ಹೇಳುತ್ತೆ, ಅದು ಸೋಲಲ್ಲ, 'ಇಲ್ಲ' ಅನ್ನೋ ಉತ್ತರ. ಹೆಡ್ ತನಗೆ ಬೇಕಾದಷ್ಟು ಓದಿ ಪೈಪ್ ಮುಚ್ಚಿದರೆ ಹಿಂದಿನ ಕಮಾಂಡ್ ಅರ್ಧಕ್ಕೇ ನಿಂತು 141 ಅನ್ನಬಹುದು. ಅದೂ ಸಹಜವೇ. ಯಾವುದು ನಿಜವಾದ ಸೋಲು ಅಂತ ಬರೆಯೋರು ಯೋಚಿಸಲೇಬೇಕು. ಬ್ಯಾಕಪ್ ವಿಷಯದಲ್ಲಂತೂ ಪೈಪ್‌ಫೇಲ್ ಹಾಕಿದ ಮೇಲೂ ಫೈಲಿನ ಗಾತ್ರ ನೋಡಿ, ತಿಂಗಳಿಗೊಮ್ಮೆ ಬೇರೆ ಮಷೀನಿನಲ್ಲಿ ತೆರೆದು ನೋಡಿ.

ಕೊನೆಯದಾಗಿ, ಎಲ್ಲಿ ನಿಲ್ಲಿಸಬೇಕು? ಪೈಪ್‌ಲೈನಿನೊಳಗೆ ಇಫ್, ಎಲ್ಸ್ ಬೇಕು ಅನ್ನಿಸಿದರೆ, ಕೋಟ್ ಒಳಗೆ ಕೋಟ್ ಸೇರಿ ನಿಮಗೇ ಗೊಂದಲ ಆದರೆ, ಅದು ಪೈಥಾನ್‌ನಂಥ ಭಾಷೆಗೆ ಹೋಗೋ ಸಮಯ. ಅದರಲ್ಲಿ ಅವಮಾನ ಏನಿಲ್ಲ.

ನಿಮ್ಮಲ್ಲಿ ಯಾರಾದರೂ ಕಚೇರಿಯ ಬ್ಯಾಕಪ್ ನೋಡಿಕೊಳ್ತಿದ್ದರೆ, ಇವತ್ತೇ ಆ ಸ್ಕ್ರಿಪ್ಟ್ ತೆರೆದು ನೋಡಿ. ಪೈಪ್ ಇದೆಯಾ, ಪೈಪ್‌ಫೇಲ್ ಇದೆಯಾ, ನಿನ್ನೆಯ ಫೈಲ್ ಎಷ್ಟು ದೊಡ್ಡದಿದೆ? ಐದು ನಿಮಿಷದ ಕೆಲಸ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.