ರಸ್ತೆ ಬದಿಯಲ್ಲಿ ಮಾರುವಾಗ, ಕೇಳುವಾಗ

ನಮ್ಮ ಊರು, ನಮ್ಮ ರಸ್ತೆ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ನಮ್ಮ ಹಗರೆ ಇದೆ. ಇಲ್ಲಿಂದಲೇ ಹಳೇಬೀಡಿಗೆ ರಸ್ತೆ ತಿರುಗುತ್ತದೆ. ಬಸ್ಸು, ಲಾರಿ, ಕಾರು, ಟ್ರ್ಯಾಕ್ಟರ್ ಎಲ್ಲ ಇದೇ ದಾರಿಯಲ್ಲಿ ಓಡಾಡುತ್ತವೆ.

2023ರ ಸೆಪ್ಟೆಂಬರ್ ತಿಂಗಳಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವು ಹೊಯ್ಸಳರ ಕಾಲದ ಗುಡಿಗಳು. ಇವನ್ನು ನೋಡಲು ದೇಶ ವಿದೇಶದ ಜನ ಬರುತ್ತಾರೆ. ಜನ ಬಂದರೆ ನಮ್ಮವರಿಗೆ ನಾಲ್ಕು ಕಾಸಿನ ವ್ಯಾಪಾರ. ಸೀಬೆಹಣ್ಣು, ಸೌತೆಕಾಯಿ, ಎಳನೀರು, ಸುಟ್ಟ ಜೋಳದ ತೆನೆ, ಹೂವು. ಮಾರಿ ಬಂದ ಹಣದಲ್ಲಿ ಮನೆಗೆ ಸಾಮಾನು, ಮಕ್ಕಳಿಗೆ ಪುಸ್ತಕ.

ಆದರೆ ರಸ್ತೆ ಅಂದರೆ ಸಂತೆ ಮಾಳ ಅಲ್ಲ. ಅಲ್ಲಿ ವಾಹನ ಓಡುತ್ತದೆ. ಓಡುವ ವಾಹನದ ಮುಂದೆ ಕೈ ಚಾಚಿ ನಿಂತರೆ ಪ್ರಾಣಕ್ಕೇ ಸಂಚಕಾರ. ಹಾಗಂತ ವ್ಯಾಪಾರ ಬಿಡೋಕೆ ಆಗುತ್ತಾ? ಆಗೋದಿಲ್ಲ. ಬಿಡಬೇಕಾಗಿಯೂ ಇಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ತಿಳಿದಿರಬೇಕು. ಅಷ್ಟೇ. ಅದನ್ನೇ ಈ ಪಾಠದಲ್ಲಿ ಓದೋಣ.

ಮೂರು ಸೀರೆಯ ಲೆಕ್ಕ

ನಾವೆಲ್ಲ ಲೆಕ್ಕ ಕಲಿತಿದ್ದೇವೆ. ಈಗ ಒಂದು ಲೆಕ್ಕ ಮಾಡೋಣ.

ಒಂದು ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ಗಂಟೆಗೆ 60 ನಿಮಿಷ. ಅಂದರೆ ಅದು ಒಂದು ನಿಮಿಷಕ್ಕೆ 1 ಕಿಲೋಮೀಟರ್ ಓಡುತ್ತದೆ. 1 ಕಿಲೋಮೀಟರ್ ಎಂದರೆ 1000 ಮೀಟರ್. ಒಂದು ನಿಮಿಷಕ್ಕೆ 60 ಸೆಕೆಂಡ್. 1000ವನ್ನು 60ರಿಂದ ಭಾಗಿಸಿ. ಸುಮಾರು 17 ಬರುತ್ತದೆ. ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ.

17 ಮೀಟರ್ ಎಂದರೆ ಎಷ್ಟು? ನಾವು ಉಡುವ ಸೀರೆ ಸುಮಾರು ಐದೂವರೆ ಮೀಟರ್. ಮೂರು ಸೀರೆಗಳನ್ನು ಉದ್ದಕ್ಕೆ ಹಾಸಿದರೆ ಎಷ್ಟಾಗುತ್ತದೋ, ಹೆಚ್ಚು ಕಡಿಮೆ ಅಷ್ಟು ದೂರ. ನಾವು ಒಂದು ಸಲ ಕಣ್ಣು ಮಿಟುಕಿಸಿ "ಅಣ್ಣಾ, ತಗೊಳ್ಳಿ" ಅನ್ನುವಷ್ಟರಲ್ಲಿ ಕಾರು ಮೂರು ಸೀರೆ ದೂರ ಬಂದಿರುತ್ತದೆ.

ಚಾಲಕ ನಮ್ಮನ್ನು ನೋಡಿದ ಕೂಡಲೇ ಕಾರು ನಿಲ್ಲುವುದಿಲ್ಲ. ನೋಡಿ, ತಿಳಿದು, ಬ್ರೇಕ್ ತುಳಿಯಲು ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಮೂರು ಸೀರೆ ದೂರ ಹೋಯಿತು. ಬ್ರೇಕ್ ತುಳಿದ ಮೇಲೂ ಕಾರು ಜಾರುತ್ತಾ ಬರುತ್ತದೆ. ಅದು ಇನ್ನೂ ನಾಲ್ಕು ಸೀರೆ ದೂರ. ಒಟ್ಟು ಏಳು ಸೀರೆ. ಇದು ರಸ್ತೆ ಒಣಗಿದ್ದಾಗಿನ ಮಾತು. ಮಳೆ ಬಂದು ರಸ್ತೆ ನೆನೆದಿದ್ದರೆ ಇನ್ನೂ ಹೆಚ್ಚು ದೂರ ಬೇಕು. ಭಾರ ತುಂಬಿದ ಲಾರಿಗೂ ಹೆಚ್ಚು ದೂರ ಬೇಕು.

ಹಾಗಾದರೆ ತಿರುವಿನಲ್ಲಿ ನಿಂತರೆ ಏನಾಗುತ್ತದೆ? ಅಲ್ಲಿ ಚಾಲಕನಿಗೆ ಏಳು ಸೀರೆ ದೂರದಿಂದ ನಾವು ಕಾಣುವುದೇ ಇಲ್ಲ. ಕಾಣುವಾಗ ಹತ್ತಿರ ಬಂದಿರುತ್ತಾನೆ. ಆಮೇಲೆ ಬ್ರೇಕ್ ತುಳಿದು ಏನು ಫಲ?

ಅಪಾಯ ನಮಗೊಬ್ಬರಿಗೇ ಅಲ್ಲ. ಒಂದು ಕಾರು ರಸ್ತೆ ಮಧ್ಯೆ ಗಕ್ಕನೆ ನಿಂತರೆ ಹಿಂದಿನ ಬೈಕು ಬಂದು ಗುದ್ದುತ್ತದೆ. ಬೈಕಿನ ಮೇಲೆ ಯಾರೋ ತಾಯಿ, ಯಾರೋ ಮಗು ಇರುತ್ತಾರೆ. ಬುಟ್ಟಿಗಳು ರಸ್ತೆ ಅಂಚನ್ನೆಲ್ಲ ಹಿಡಿದುಕೊಂಡರೆ ಶಾಲೆಗೆ ಹೋಗುವ ಮಕ್ಕಳು ಟಾರಿನ ಮೇಲೆ ಇಳಿದು ನಡೆಯಬೇಕು. ನಡೆಯುವವರ ದಾರಿ ನಡೆಯುವವರಿಗೆ ಇರಬೇಕು.

ಕಾನೂನು ಏನು ಹೇಳುತ್ತದೆ?

ಬೀದಿಯಲ್ಲಿ ವ್ಯಾಪಾರ ಮಾಡುವುದು ಕಳ್ಳತನ ಅಲ್ಲ. ಅದು ದುಡಿಮೆ. 1989ರಲ್ಲಿ ನಮ್ಮ ದೇಶದ ಸುಪ್ರೀಂ ಕೋರ್ಟ್ ಈ ಮಾತು ಒಪ್ಪಿತು. ಬೀದಿ ವ್ಯಾಪಾರ ಮಾಡುವ ಹಕ್ಕು ಜನರಿಗೆ ಇದೆ ಎಂದಿತು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು. ಇದೇ ಜಾಗ ನನಗೆ ಬೇಕು ಎಂದು ಹಟ ಹಿಡಿಯುವ ಹಕ್ಕು ಇಲ್ಲ. ಓಡಾಟಕ್ಕೆ ತೊಂದರೆ ಆಗದ ಹಾಗೆ ಸರ್ಕಾರ ನಿಯಮ ಮಾಡಬಹುದು.

ರಸ್ತೆಗೆ ಅಡ್ಡಿ ಮಾಡಿದರೆ ದಂಡ ಇದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಎಂಬ ಹೊಸ ಕಾನೂನು ಬಂದಿದೆ. ಅದರ 285ನೇ ಕಲಂ ಇದನ್ನು ಹೇಳುತ್ತದೆ. ಸಾರ್ವಜನಿಕ ದಾರಿಯಲ್ಲಿ ಯಾರಿಗಾದರೂ ಅಪಾಯ, ಅಡ್ಡಿ ಅಥವಾ ಗಾಯ ಆಗುವ ಹಾಗೆ ಮಾಡಿದರೆ 5000 ರೂಪಾಯಿವರೆಗೆ ದಂಡ ಹಾಕಬಹುದು. ಹಳೆಯ ಕಾನೂನಿನಲ್ಲಿ ಇದು 200 ರೂಪಾಯಿವರೆಗೆ ಮಾತ್ರ ಇತ್ತು.

ವಾಹನದವರಿಗೂ ನಿಯಮ ಇದೆ. 1988ರ ಮೋಟಾರು ವಾಹನ ಕಾನೂನಿನ ಪ್ರಕಾರ ಬೇರೆಯವರಿಗೆ ಅಪಾಯ ಆಗುವ ಹಾಗೆ ವಾಹನ ನಿಲ್ಲಿಸುವುದು ತಪ್ಪು. ಸೌತೆಕಾಯಿ ಕೊಳ್ಳಲು ಕಾರನ್ನು ಟಾರಿನ ಮೇಲೇ ನಿಲ್ಲಿಸಿದರೆ ತಪ್ಪು ಕಾರಿನವರದೂ ಹೌದು.

ಪಟ್ಟಣದಲ್ಲಿ ಮಾರುವವರಿಗೆ

ನಮ್ಮಲ್ಲಿ ಕೆಲವರು ಬೇಲೂರು, ಹಾಸನ, ಅರಸೀಕೆರೆಯಂಥ ಕಡೆ ಹೋಗಿ ಮಾರುತ್ತಾರೆ. ಪಟ್ಟಣ, ನಗರಗಳಿಗೆ 2014ರ ಬೀದಿ ವ್ಯಾಪಾರಿಗಳ ಕಾನೂನು ಇದೆ. ಅದರಲ್ಲಿ ನಮಗೆ ಬೇಕಾದ ಮುಖ್ಯ ಮಾತುಗಳು ಇವು.

1. ಪಟ್ಟಣದಲ್ಲಿ ಯಾರ್ಯಾರು ಬೀದಿ ವ್ಯಾಪಾರ ಮಾಡುತ್ತಾರೆ ಎಂದು 5 ವರ್ಷಕ್ಕೆ ಒಮ್ಮೆಯಾದರೂ ಸಮೀಕ್ಷೆ ಆಗಬೇಕು. ಹೆಸರು ಬರೆಸಿಕೊಳ್ಳಬೇಕು. 14 ವರ್ಷ ತುಂಬಿದವರಿಗೆ ಮಾತ್ರ ವ್ಯಾಪಾರದ ಪ್ರಮಾಣಪತ್ರ ಕೊಡುತ್ತಾರೆ.

2. ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಸಮಿತಿಯಲ್ಲಿ 10 ಜನ ಇದ್ದರೆ 4 ಜನವಾದರೂ ಬೀದಿ ವ್ಯಾಪಾರಿಗಳೇ ಇರಬೇಕು. ಆ ವ್ಯಾಪಾರಿಗಳಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು.

3. ಕೆಲವು ಜಾಗದಲ್ಲಿ ಮಾರಬಹುದು. ಕೆಲವು ಜಾಗದಲ್ಲಿ ಷರತ್ತಿನ ಮೇಲೆ ಮಾರಬಹುದು. ಕೆಲವು ಜಾಗದಲ್ಲಿ ಮಾರಲೇಬಾರದು.

4. ಪ್ರಮಾಣಪತ್ರದಲ್ಲಿ ಬರೆದ ಜಾಗದಿಂದ ನಮ್ಮನ್ನು ಏಳಿಸಬೇಕಾದರೆ 30 ದಿನ ಮೊದಲೇ ನೋಟಿಸ್ ಕೊಡಬೇಕು.

5. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದು, ಸಹಿ ಹಾಕಿ, ನಮಗೆ ಒಂದು ಪ್ರತಿ ಕೊಡಬೇಕು. ಹಣ್ಣು, ಹೂವು, ತರಕಾರಿಯಂಥ ಕೆಡುವ ಸಾಮಾನನ್ನು ನಾವು ಹೋಗಿ ಕೇಳಿದ ದಿನವೇ ವಾಪಸು ಕೊಡಬೇಕು. ಕೆಡದ ಸಾಮಾನನ್ನು ಎರಡು ಕೆಲಸದ ದಿನದ ಒಳಗೆ ಕೊಡಬೇಕು. ನಿಯಮದಂತೆ ಶುಲ್ಕ ಕಟ್ಟಬೇಕಾಗುತ್ತದೆ. ರಸೀದಿ ಕೇಳಿ ಪಡೆಯಿರಿ.

ನೋಟಿಸ್ ಬಂದರೆ ಹೆದರಿ ಎಸೆಯಬೇಡಿ. ಈಗ ನಮಗೆ ಓದಲು ಬರುತ್ತದೆ. ನಾಲ್ಕು ವಿಷಯ ಹುಡುಕಿ. ಯಾರು ಕೊಟ್ಟಿದ್ದಾರೆ? ಯಾವ ತಾರೀಖು? ಯಾವ ಜಾಗದ ಬಗ್ಗೆ? ಎಷ್ಟು ದಿನ ಸಮಯ?

ಹಳ್ಳಿಯಲ್ಲಿ ಯಾರನ್ನು ಕೇಳಬೇಕು?

2014ರ ಆ ಕಾನೂನು ಪಟ್ಟಣ, ನಗರಗಳಿಗೆ. ಹಳ್ಳಿಯಲ್ಲಿ ನಮಗೆ ಗ್ರಾಮ ಪಂಚಾಯಿತಿಯೇ ಹತ್ತಿರ. ಆದರೆ ದೊಡ್ಡ ರಸ್ತೆ ಪಂಚಾಯಿತಿಯದಲ್ಲ. ಅದನ್ನು ನೋಡಿಕೊಳ್ಳುವ ಇಲಾಖೆ ಬೇರೆ. ಆದ್ದರಿಂದ ದೊಡ್ಡ ರಸ್ತೆಯ ಅಂಚನ್ನು ಪಂಚಾಯಿತಿ ನಮಗೆ ಬರೆದು ಕೊಡಲು ಬರುವುದಿಲ್ಲ.

ಹಾಗಾದರೆ ದಾರಿ ಇಲ್ಲವೇ? ಇದೆ. ಪಂಚಾಯಿತಿಗೆ ಸೇರಿದ ಜಾಗ ರಸ್ತೆಯಿಂದ ಒಳಗೆ ಎಲ್ಲಾದರೂ ಇದ್ದರೆ ಅದನ್ನು ಕೇಳಬಹುದು. ಕಾರುಗಳು ಟಾರು ಬಿಟ್ಟು ಒಳಗೆ ಬಂದು ನಿಲ್ಲುವ ಹಾಗೆ ಇರಬೇಕು. ನೆರಳು, ನೀರು ಇದ್ದರೆ ಇನ್ನೂ ಒಳ್ಳೆಯದು. ವಾಹನದವರಿಗೆ ದೂರದಿಂದ ಕಾಣುವ ಒಂದು ಬೋರ್ಡು ಬೇಕು. ಎಲ್ಲರೂ ಒಂದೇ ಕಡೆ ಕೂತರೆ ಗಿರಾಕಿಗಳೂ ಅಲ್ಲಿಗೇ ಬರುತ್ತಾರೆ. ಒಬ್ಬರು ಮುಂದೆ ಹೋಗಿ ನಿಂತರೆ ಇನ್ನೊಬ್ಬರು ಅವರಿಗಿಂತ ಮುಂದೆ ಹೋಗಬೇಕಾಗುತ್ತದೆ. ಹೀಗೇ ಮುಂದೆ ಮುಂದೆ ಹೋಗಿ ಕೊನೆಗೆ ಚಕ್ರದ ಕೆಳಗೇ ಹೋಗುತ್ತೇವೆ. ಎಲ್ಲರೂ ಹಿಂದೆ ಸರಿದರೆ ಯಾರಿಗೂ ನಷ್ಟ ಇಲ್ಲ.

ಇದನ್ನು ಗ್ರಾಮ ಸಭೆಯಲ್ಲಿ ಕೇಳಿ. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮ ಸಭೆ ನಡೆಯಬೇಕು. 1993ರ ಪಂಚಾಯತ್ ರಾಜ್ ಕಾನೂನು ಹಾಗೆ ಹೇಳುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ನಮ್ಮ ಮಾತು ಅಲ್ಲಿ ಕೇಳಿಸಬೇಕು. ಬಾಯಿ ಮಾತು ಮರೆತು ಹೋಗುತ್ತದೆ. ಅರ್ಜಿ ಬರೆದು ಕೊಡಿ. ಹೀಗೆ ಬರೆಯಬಹುದು:

"ಇವರಿಗೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಗ್ರಾಮ ಪಂಚಾಯಿತಿ.
ವಿಷಯ: ವ್ಯಾಪಾರಕ್ಕೆ ಜಾಗ ಗುರುತಿಸಿಕೊಡುವ ಬಗ್ಗೆ.
ಮಾನ್ಯರೇ, ನಾವು ರಸ್ತೆ ಬದಿಯಲ್ಲಿ ಹಣ್ಣು ತರಕಾರಿ ಮಾರಿ ಜೀವನ ಮಾಡುತ್ತೇವೆ. ಅಲ್ಲಿ ವಾಹನಗಳ ಓಡಾಟ ಹೆಚ್ಚು. ನಮಗೂ ನಡೆದು ಹೋಗುವವರಿಗೂ ಅಪಾಯ ಇದೆ. ಆದ್ದರಿಂದ ರಸ್ತೆಯಿಂದ ಒಳಗೆ ಒಂದು ಜಾಗ ಗುರುತಿಸಿ, ಬೋರ್ಡು ಹಾಕಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇವೆ.
ತಾರೀಖು. ಸಹಿಗಳು."

ಎಲ್ಲರೂ ಸಹಿ ಹಾಕಿ. ಹೆಬ್ಬೆಟ್ಟು ಒತ್ತುವ ಕಾಲ ನಮಗೆ ಮುಗಿಯಿತು. ಅರ್ಜಿಯ ಇನ್ನೊಂದು ಪ್ರತಿಗೆ ಕಚೇರಿಯ ಮೊಹರು ಹಾಕಿಸಿಕೊಂಡು ಮನೆಯಲ್ಲಿ ಜೋಪಾನವಾಗಿ ಇಡಿ.

ಹಗ್ಗ ಕಟ್ಟಿ ಚಂದಾ ಕೇಳುವುದು

ಹಬ್ಬ, ಜಾತ್ರೆ ಬಂತೆಂದರೆ ಕೆಲವು ಕಡೆ ಹುಡುಗರು ರಸ್ತೆಗೆ ಅಡ್ಡ ಹಗ್ಗ ಹಿಡಿಯುತ್ತಾರೆ. ಬಂದ ವಾಹನ ನಿಲ್ಲಿಸಿ ಚಂದಾ ಕೇಳುತ್ತಾರೆ. "ದೇವರ ಕೆಲಸ, ಕೇಳಿದರೆ ಏನು ತಪ್ಪು?" ಅಂತಾರೆ.

ಚಂದಾ ಕೇಳುವುದು ತಪ್ಪಲ್ಲ. ಮನೆ ಮನೆಗೆ ಹೋಗಿ ಕೇಳಲಿ, ರಸೀದಿ ಕೊಡಲಿ. ಆದರೆ ರಸ್ತೆಗೆ ಹಗ್ಗ ಹಿಡಿಯುವುದು ತಪ್ಪು. ಬೈಕಿನವರಿಗೆ ಕತ್ತಲಲ್ಲಿ ಹಗ್ಗ ಕಾಣುವುದಿಲ್ಲ. ಕುತ್ತಿಗೆಗೆ ಸಿಕ್ಕಿದರೆ ಜೀವವೇ ಹೋಗುತ್ತದೆ. ತಡೆದು ನಿಲ್ಲಿಸಿದ ವಾಹನದಲ್ಲಿ ಹೆರಿಗೆ ನೋವಿನ ಹೆಂಗಸು ಇರಬಹುದು. ಬೆದರಿಸಿ ಹಣ ಕಿತ್ತರೆ ಅದು ದೊಡ್ಡ ಅಪರಾಧ. ಆಗ ಚಂದಾ ಎಂಬ ಹೆಸರು ಕಾಪಾಡುವುದಿಲ್ಲ.

ಆ ಹುಡುಗರು ಯಾರೋ ಅಲ್ಲ. ನಮ್ಮ ಮಕ್ಕಳು, ನಮ್ಮ ಮೈದುನಂದಿರು. ಪೊಲೀಸರು ಹೇಳುವ ಮೊದಲು ಮನೆಯಲ್ಲಿ ತಾಯಿ, ಅಕ್ಕ ಹೇಳಬೇಕು. "ಹಗ್ಗ ಬೇಡ ಕಣಪ್ಪಾ, ಮನೆ ಮನೆಗೆ ಹೋಗಿ ಕೇಳು" ಅನ್ನಬೇಕು.

ಭಿಕ್ಷೆ ಮತ್ತು ಮಕ್ಕಳು

ಬಡತನದಿಂದ ಕೈ ಚಾಚುವವರೂ ಇದ್ದಾರೆ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾನೂನು ಇದೆ. ಭಿಕ್ಷುಕರನ್ನು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಟ್ಟು, ಊಟ ಕೊಟ್ಟು, ಕೆಲಸ ಕಲಿಸಬೇಕು ಎಂಬುದು ಅದರ ಉದ್ದೇಶ. ಇದಕ್ಕೆ ನಾವೂ ಹಣ ಕೊಡುತ್ತೇವೆ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ಓದಿ. ಭಿಕ್ಷುಕರ ಕರ ಎಂದು ಇರುತ್ತದೆ. 100 ರೂಪಾಯಿ ಕಂದಾಯಕ್ಕೆ 3 ರೂಪಾಯಿ.

ಬಡವರಾಗಿದ್ದಕ್ಕೆ ಶಿಕ್ಷೆ ಕೊಡುವುದು ಸರಿಯೇ? 2018ರಲ್ಲಿ ದೆಹಲಿಯ ಹೈಕೋರ್ಟ್ ಸರಿಯಲ್ಲ ಎಂದಿತು. ಭಿಕ್ಷೆ ಬೇಡಿದರೆ ಶಿಕ್ಷೆ ಎನ್ನುವ ನಿಯಮಗಳನ್ನು ದೆಹಲಿಯಲ್ಲಿ ತೆಗೆದುಹಾಕಿತು. ಅಮೆರಿಕದಲ್ಲೂ ಹಲವು ಊರುಗಳು ರಸ್ತೆಯಲ್ಲಿ ನಿಂತು ಕೇಳಬಾರದು ಎಂದು ನಿಯಮ ಮಾಡಿವೆ. ಕೆಲವನ್ನು ಅಲ್ಲಿನ ಕೋರ್ಟುಗಳು ಒಪ್ಪಿಲ್ಲ. ಅಪಾಯದ ಜಾಗದಿಂದ ದೂರ ಇಡುವುದು ಬೇರೆ, ಬಡವರನ್ನು ಕಣ್ಣಿಗೆ ಬೀಳದ ಹಾಗೆ ಓಡಿಸುವುದು ಬೇರೆ. ನಮ್ಮ ಊರಿನಲ್ಲಿ ನಿಯಮ ಮಾಡುವಾಗಲೂ ಈ ವ್ಯತ್ಯಾಸ ನೆನಪಿರಲಿ.

ಮಕ್ಕಳ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಮಗುವನ್ನು ಭಿಕ್ಷೆಗೆ ಬಳಸಿಕೊಂಡರೆ 5 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ. ಇದು 2015ರ ಬಾಲನ್ಯಾಯ ಕಾನೂನು. ಮಾರುವಾಗಲೂ ಮಕ್ಕಳ ಕೈಗೆ ಬುಟ್ಟಿ ಕೊಟ್ಟು ಕಾರಿನ ಹಿಂದೆ ಓಡಿಸಬೇಡಿ. ಮಗು ಗಿಡ್ಡ. ಚಾಲಕನ ಕಣ್ಣಿಗೆ ಬೀಳುವುದಿಲ್ಲ.

ನೆನಪಿನಲ್ಲಿ ಇಡಿ

ತಿರುವು, ಸೇತುವೆ, ಕೂಡುರಸ್ತೆ, ಬಸ್ ನಿಲ್ಲುವ ಜಾಗ ಇಲ್ಲೆಲ್ಲ ಮಾರಬೇಡಿ.
ಟಾರು ಬಿಟ್ಟು ದೂರ ಕುಳಿತುಕೊಳ್ಳಿ. ನಡೆಯುವವರಿಗೆ ದಾರಿ ಬಿಡಿ.
ಓಡುವ ವಾಹನಕ್ಕೆ ಅಡ್ಡ ಹೋಗಬೇಡಿ. ವಾಹನ ಪಕ್ಕಕ್ಕೆ ಬಂದು ನಿಂತ ಮೇಲೆ ಹತ್ತಿರ ಹೋಗಿ.
"ಅಣ್ಣಾ, ಗಾಡಿ ಇನ್ನೂ ಪಕ್ಕಕ್ಕೆ ಹಾಕಿ" ಎಂದು ಗಿರಾಕಿಗೆ ಹೇಳಿ.
ಕಾಲುದಾರಿ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ. ಎದುರು ಬರುವ ವಾಹನ ಕಾಣುತ್ತದೆ.
ಕತ್ತಲಾದರೆ ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆ ಹೊದ್ದುಕೊಳ್ಳಿ.
ಅಪಘಾತ ಆದರೆ 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಮಕ್ಕಳಿಗೆ ತೊಂದರೆ ಆಗಿದ್ದರೆ 1098.

ಹೊಸ ಪದಗಳು

ಜಪ್ತಿ: ಅಧಿಕಾರಿಗಳು ಸಾಮಾನನ್ನು ವಶಕ್ಕೆ ತೆಗೆದುಕೊಳ್ಳುವುದು
ಪ್ರಮಾಣಪತ್ರ: ಅಧಿಕಾರಿಗಳು ಬರೆದು ಕೊಡುವ ದಾಖಲೆ
ಸಮೀಕ್ಷೆ: ಮನೆ, ಬೀದಿ ಸುತ್ತಿ ಲೆಕ್ಕ ಬರೆದುಕೊಳ್ಳುವುದು
ಕಲಂ: ಕಾನೂನಿನ ಒಂದು ಭಾಗ

ಓದಿ, ಚರ್ಚೆ ಮಾಡಿ

1. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು ಎಷ್ಟು ಮೀಟರ್ ಓಡುತ್ತದೆ?
2. ನಮ್ಮ ಊರಿನ ರಸ್ತೆಯಲ್ಲಿ ಯಾವ ಜಾಗ ಹೆಚ್ಚು ಅಪಾಯದ್ದು? ಏಕೆ?
3. ವ್ಯಾಪಾರಕ್ಕೆ ಯಾವ ಜಾಗ ಸರಿ? ಎಲ್ಲರೂ ಹೋಗಿ ನೋಡಿ ಬನ್ನಿ.
4. ಮೇಲಿನ ಅರ್ಜಿಯನ್ನು ನಿಮ್ಮ ಕೈಯಿಂದ ಬರೆಯಿರಿ. ಮುಂದಿನ ಗ್ರಾಮ ಸಭೆಗೆ ತೆಗೆದುಕೊಂಡು ಹೋಗಿ.