ಮುಂದಿನ ಗಾಲಿಗೆ ಗಟ್ಟಿ ನೆಲ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮಿರಜದಿಂದ ಮ್ಹೈಸಾಳ, ಕಾಗವಾಡಕ್ಕೆ ಹೋಗುವ ರಸ್ತೆಯ ತುಂಬ ಟ್ರ್ಯಾಕ್ಟರ್‌ಗಳು. ಹಸಿ ಹೊಲದಿಂದ ನೇರ ಡಾಂಬರಿಗೆ ಏರುವ ಅವು ಗಾಲಿಗೆ ಮೆತ್ತಿದ ಎರೆಮಣ್ಣನ್ನು ಉದುರಿಸುತ್ತ ಹೋಗುತ್ತವೆ. ಮೇಲೆ ಇಬ್ಬನಿ ಬಿದ್ದರೆ ಆ ರಾಡಿ ಎಣ್ಣೆ ಸವರಿದ ಹಾಗೆ. ಅಥಣಿ ಕಡೆಯಿಂದ ಮಿರಜದ ದವಾಖಾನೆಗಳಿಗೆ ಬಂದವರನ್ನು ನನ್ನ ಎಲೆಕ್ಟ್ರಿಕ್ ರಿಕ್ಷಾದಲ್ಲಿ ಕರೆದೊಯ್ಯುತ್ತೇನೆ. ಹಿಂದೆ ಕೂತ ಅಜ್ಜಿ "ಸಾವಕಾಶ ನಡಿಯೋ ತಮ್ಮಾ" ಅಂದರೆ ಅದು ಸುಮ್ಮನೆ ಅಂದ ಮಾತಲ್ಲ. ಹೊಟ್ಟೆಗೆ ಹೊಲಿಗೆ ಬಿದ್ದವರಿಗೆ ಒಂದು ಕುಲುಕೂ ಜೀವ ಹಿಂಡುತ್ತದೆ.

ಫೌಜಿನಲ್ಲಿರುವ ಅಕ್ಕನ ಮಗ ಶ್ರೀನಗರದಿಂದ ವಿಡಿಯೋ ಕಳಿಸಿದ್ದ. ಹಿಮ ಬಿದ್ದ ಓಣಿಯಲ್ಲಿ ಇ-ರಿಕ್ಷಾ! "ಮಾಮಾ, ನಿನ್ನ ಗಾಡಿ ಇಲ್ಲಿ ನಡೀತದೇನು?" ಎಂದು ಕೇಳಿದ್ದ. ನಡೆಯುತ್ತದೆ, ಆದರೆ ಹಾದಿ ಆರಿಸಿಕೊಳ್ಳಬೇಕು. ನಾಲ್ಕು ಗಾಲಿಯ ವಾಹನಗಳು ಹಿಮವನ್ನು ತುಳಿದು ಎರಡು ಜಾಡು ಮಾಡುತ್ತವೆ, ನಡುವೆ ದಿಬ್ಬ ಉಳಿಯುತ್ತದೆ. ನಮ್ಮ ಮುಂದಿನ ಒಂಟಿ ಗಾಲಿ ಏರುವುದು ಆ ದಿಬ್ಬದ ಮೇಲೆಯೇ. ಹಿಂದಿನ ಎರಡಕ್ಕೂ ಜಾಡು ಹೊಂದುವುದಿಲ್ಲ, ರಿಕ್ಷಾದ ಅಗಲ ಕಾರಿಗಿಂತ ಕಡಿಮೆ. 1987ರಲ್ಲಿ ಡೆನ್ಮಾರ್ಕಿನಲ್ಲಿ ಬಂದ, ಮುಂದೆ ಜರ್ಮನಿಯಲ್ಲಿ ಸಿಟಿಎಲ್ ಹೆಸರಿನಲ್ಲಿ ತಯಾರಾದ ಪುಟ್ಟ ಎಲೆಕ್ಟ್ರಿಕ್ ಕಾರಿಗೂ ಮುಂದೆ ಒಂದೇ ಗಾಲಿ. ಅದರ ಚಾಲಕರಿಗೂ ಇದೇ ಕಷ್ಟ.

ಹ್ಯಾಂಡಲ್ ತಿರುಗಿಸುವ ಗಾಲಿಗೆ ಹಿಡಿತ ತಪ್ಪಿದರೆ ಗಾಡಿ ನೆಟ್ಟಗೆ ಜಾರುತ್ತದೆ, ಎಷ್ಟು ತಿರುಗಿಸಿದರೂ ಅಷ್ಟೇ. ಅದಕ್ಕೇ ನಾನು ಮುಂದಿನ ಗಾಲಿಗೆ ಮೊದಲು ಗಟ್ಟಿ ನೆಲ ಹುಡುಕುತ್ತೇನೆ, ಹಿಂದಿನವು ರಾಡಿಯಲ್ಲಿ ಬಂದರೂ ಚಿಂತೆಯಿಲ್ಲ. ಕೈಯೂ ಮೆತ್ತಗಿರಬೇಕು. ಪೆಟ್ರೋಲ್ ಗಾಡಿಯ ಹಾಗಲ್ಲ, ಎಲೆಕ್ಟ್ರಿಕ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ. ಆಕ್ಸಿಲರೇಟರ್ ತುಸು ಜಾಸ್ತಿ ತಿರುವಿದರೆ ಒಂದು ಗಾಲಿ ನಿಂತಲ್ಲೇ ಗಿರಗಿರ ತಿರುಗುತ್ತದೆ, ಡಿಫರೆನ್ಷಿಯಲ್ ಇರುವುದರಿಂದ ಇನ್ನೊಂದಕ್ಕೂ ಬಲ ಸಿಗುವುದಿಲ್ಲ. ಆಕ್ಸಿಲರೇಟರನ್ನು ಫಕ್ಕನೆ ಬಿಡುವುದೂ ಅಪಾಯ: ಆಗ ಮೋಟಾರು ಬ್ಯಾಟರಿಗೆ ಕರೆಂಟು ತುಂಬುತ್ತ ಹಿಂಗಾಲಿಗಳನ್ನಷ್ಟೇ ಹಿಡಿಯುತ್ತದೆ, ಜಾರು ನೆಲದಲ್ಲಿ ಗಾಡಿಯ ಹಿಂಭಾಗ ಪಕ್ಕಕ್ಕೆ ಹೊರಳುತ್ತದೆ.

ಹಿಮದ ಊರಲ್ಲಿ ಇನ್ನೊಂದು ತೊಡಕಿದೆ. ಲಿಥಿಯಂ ಬ್ಯಾಟರಿ ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದಾಗ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಇಳಿಯದೆ ಲೋಹವಾಗಿ ಮೇಲೆಯೇ ಕೂರುತ್ತದೆ, ಬ್ಯಾಟರಿ ಕೆಡುತ್ತದೆ. ಒಳ್ಳೆಯ ಗಾಡಿಯಲ್ಲಿ ಬ್ಯಾಟರಿ ಕಾಯುವ ಸರ್ಕಿಟ್ ಅಂಥ ಚಾರ್ಜನ್ನು ತಡೆಯುತ್ತದೆ. ಆಗ ಮೋಟಾರು ಹಿಡಿಯುವ ಬಲವೂ ತಗ್ಗುತ್ತದೆ, ಬ್ರೇಕನ್ನೇ ನಂಬಬೇಕು. ಚಳಿಯಲ್ಲಿ ಒಂದು ಚಾರ್ಜಿಗೆ ಓಡುವ ದೂರವೂ ಕಡಿಮೆ. ಎಂಜಿನ್ನಿನ ಕಾವು ಇಲ್ಲದ್ದರಿಂದ ಗಾಜಿನ ಮಂಜು ತಾನಾಗಿ ಆರುವುದಿಲ್ಲ. ಅದಕ್ಕೆಂದೇ ಹೀಟರ್ ಇಟ್ಟರೆ ಅದೂ ಬ್ಯಾಟರಿಯನ್ನೇ ತಿನ್ನುತ್ತದೆ. ನನ್ನ ಬಳಿ ಇರುವುದು ಒಂದು ಹತ್ತಿಯ ಅರಿವೆ. ಸಾಂಗ್ಲಿಯ ವಿಶ್ರಾಮಬಾಗದ ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ಒರೆಸುತ್ತೇನೆ.

ಅಳಿಯನಿಗೆ ಹೇಳಿದ್ದು ಇಷ್ಟು: ಅಲ್ಲಿ ರಿಕ್ಷಾದವರು ಸಂಜೆ ಗಾಡಿ ನಿಲ್ಲಿಸಿದ ಕೂಡಲೇ, ಓಡಿದ ಕಾವು ಇರುವಾಗಲೇ, ಚಾರ್ಜಿಗೆ ಹಚ್ಚಲಿ. ಸಾಂಗ್ಲಿಯ ಏಪ್ರಿಲ್ ಬಿಸಿಲಿಗೆ ನಾನು ಮಾಡುವುದು ಇದರ ಉಲ್ಟಾ. ಗಾಡಿಯನ್ನು ಬೇವಿನ ನೆರಳಿಗೆ ನಿಲ್ಲಿಸಿ, ಬ್ಯಾಟರಿ ಆರಿದ ಮೇಲೆಯೇ ಪ್ಲಗ್ ಹಾಕುತ್ತೇನೆ.